ಜುರಾಸಿಕ್ ಪಾರ್ಕ್ ಮುಂದಿನ ಭಾಗಗಳು ಎಲ್ಲಿ ಎಡವಿದವು? ದೃಶ್ಯ ಹಿಡಿದು ಮಾತಾಡೋಣ

ತುಂಗಾತೀರ:
ಶಿವಮೊಗ್ಗ, ತೀರ್ಥಹಳ್ಳಿ, ಸಾಗರ, ಕೊಪ್ಪ ಕಡೆಯ ಸಿನಿಮಾ ಮಂದಿಗೆ ಒಂದು ಕೋರಿಕೆ. “ಮೊದಲನೇದು ಸೂಪರ್, ಮಿಕ್ಕಿದ್ದೆಲ್ಲ ಬೋರು” ಅಂತ ಒಂದು ಸಾಲು ಬರೆದು ಹೋಗಬೇಡಿ. ಯಾವ ಭಾಗದ ಯಾವ ದೃಶ್ಯ, ಎಲ್ಲಿ ಹಿಡಿತ ತಪ್ಪಿತು, ಯಾಕೆ ತಪ್ಪಿತು, ಅದನ್ನು ಹೇಳಿ. 1993ರ ಜುರಾಸಿಕ್ ಪಾರ್ಕ್, 1997ರ ದಿ ಲಾಸ್ಟ್ ವರ್ಲ್ಡ್, 2001ರ ಮೂರನೆಯದು, 2015ರ ಜುರಾಸಿಕ್ ವರ್ಲ್ಡ್, 2018ರ ಫಾಲನ್ ಕಿಂಗ್‌ಡಮ್, 2022ರ ಡೊಮಿನಿಯನ್, 2025ರ ರೀಬರ್ತ್. ಏಳೂ ಬರಲಿ.

ಮೊದಲ ಮಾತು ನನ್ನದು. ಅಳಿದುಹೋದ ಡೈನೋಸಾರ್‌ಗಳನ್ನು ಮತ್ತೆ ಹುಟ್ಟಿಸಿ, ಬೇಲಿಯೊಳಗಿಟ್ಟು ಜನರಿಗೆ ತೋರಿಸುವ ಉದ್ಯಾನದ ಕತೆ ಇದು. 1993ರ ಸಿನಿಮಾ 127 ನಿಮಿಷ. ಅದರಲ್ಲಿ ಡೈನೋಸಾರ್ ತೆರೆ ಮೇಲೆ ಇರುವುದು ಎಲ್ಲಾ ಸೇರಿ ಹೆಚ್ಚುಕಮ್ಮಿ 15 ನಿಮಿಷ. ಟಿ. ರೆಕ್ಸ್ ಅನ್ನುವ ದೈತ್ಯ ಮಾಂಸಾಹಾರಿ ಡೈನೋಸಾರ್ ಬೇಲಿ ದಾಟಿ ಬರುವ ಹೊತ್ತಿಗೆ ಒಂದು ಗಂಟೆ ಕಳೆದಿರುತ್ತೆ. ಆ ಒಂದು ಗಂಟೆಯಲ್ಲಿ ನಮಗೆ ಎಷ್ಟೊಂದು ಕಲಿಸಿರುತ್ತಾರೆ ನೋಡಿ. ಕಾರು ಹಳಿಯ ಮೇಲೆ ತಾನಾಗೇ ಓಡುತ್ತೆ, ಒಳಗೆ ಕೂತವರ ಕೈಯಲ್ಲಿ ಏನೂ ಇಲ್ಲ. ಬೇಲಿಯ ಫಲಕದಲ್ಲಿ 10,000 ವೋಲ್ಟ್ ಅಂತ ಬರೆದಿದೆ. ಮೇಕೆ ಕಟ್ಟಿದ್ದಾರೆ, ಪ್ರಾಣಿ ಮಾತ್ರ ಬಂದಿಲ್ಲ. ಹಾಗಾಗಿ ಕರೆಂಟು ಹೋದ ಕ್ಷಣ ಏನೇನು ಕೈತಪ್ಪಿತು ಅಂತ ಯಾರೂ ಬಾಯಿಬಿಟ್ಟು ಹೇಳಬೇಕಿಲ್ಲ, ನೋಡುವವರೇ ಲೆಕ್ಕ ಹಾಕಿಬಿಡ್ತಾರೆ. ಮುಂದಿನ ಭಾಗಗಳು ಪ್ರಾಣಿಯನ್ನು ತಗೊಂಡವು, ಈ ತಯಾರಿಯನ್ನು ಬಿಟ್ಟವು. ನನ್ನ ವಾದ ಇಷ್ಟು. ಒಪ್ಪದಿದ್ದರೆ ದೃಶ್ಯ ತೋರಿಸಿ.

ಗಾಜನೂರು ಹಿನ್ನೀರು:
ಒಪ್ಪಿದೆ. ಬೇಲಿಯ ಮಾತು ಬಂತಲ್ಲ, ಅದನ್ನೇ ಹಿಡೀತೇನೆ. 10,000 ವೋಲ್ಟ್ ಅಂದ ಕೂಡಲೇ ಉತ್ಪ್ರೇಕ್ಷೆ ಅನ್ನಬೇಡಿ. ನಮ್ಮ ತೋಟದಂಚಿನ ಸೋಲಾರ್ ಬೇಲಿಯಲ್ಲೂ ಕೆಲವು ಸಾವಿರ ವೋಲ್ಟ್ ಇರುತ್ತೆ. ಸೆಕೆಂಡಿಗೊಂದು ಸಲದ ಹಾಗೆ ಕ್ಷಣಮಾತ್ರ ಬಡಿಯೋದರಿಂದ ಪ್ರಾಣಿ ಸಾಯಲ್ಲ, ಹೆದರುತ್ತೆ. ಸಿನಿಮಾದಲ್ಲಿ ಹುಡುಗನ ಉಸಿರು ನಿಲ್ಲಿಸುವ ಬೇಲಿ ಬೇರೆ ಜಾತಿಯದು, ಅದಿರಲಿ. ಮಳೆಗಾಲದಲ್ಲಿ ಸೋಲಾರ್ ಬೇಲಿ ಕೆಡುವ ರೀತಿ ನೆನಪು ಮಾಡಿಕೊಳ್ಳಿ. ಬಳ್ಳಿ, ಕಳೆ ತಂತಿಗೆ ತಾಗಿ ವೋಲ್ಟೇಜ್ ಇಳಿಯುತ್ತೆ. ಬಿಸಿಲು ಕಾಣದೆ ಬ್ಯಾಟರಿ ಕೂತುಹೋಗುತ್ತೆ. ಆನೆಗೆ ಅದು ತಿಳಿಯುತ್ತೆ. ದಂತದಲ್ಲಿ ತಂತಿ ಎತ್ತುತ್ತೆ, ಇಲ್ಲ ಮರ ಕೆಡವಿ ಬೇಲಿ ಮಲಗಿಸುತ್ತೆ. ಮೊದಲ ಸಿನಿಮಾದ, ಗುಂಪಾಗಿ ಬೇಟೆಯಾಡುವ ಡೈನೋಸಾರ್‌ಗಳಾದ ರ‍್ಯಾಪ್ಟರ್‌ಗಳು ಮಾಡೋದೂ ಅದೇ: ಬೇಲಿಯ ಒಂದೇ ಜಾಗಕ್ಕೆ ಎರಡು ಸಲ ಹಾಯಲ್ಲ, ಎಲ್ಲಿ ಸೋತಿದೆ ಅಂತ ಹುಡುಕ್ತವೆ. ಕಾಡಂಚಿನವರಿಗೆ ಅದು ತಟ್ಟನೆ ನಿಜ ಅನಿಸೋದು ಅದಕ್ಕೇ.

ಈಗ 2015ರದ್ದು ನೋಡಿ. ಇಂಡೊಮಿನಸ್ ಅಂದರೆ ಅದರಲ್ಲಿ ಪ್ರಯೋಗಾಲಯದಲ್ಲಿ ಬೆರಕೆ ಮಾಡಿ ಕಟ್ಟಿದ ಹೊಸ ಡೈನೋಸಾರ್. ಇಂಡೊಮಿನಸ್‌ನ ಆವರಣದಲ್ಲಿ ಉಷ್ಣ ತೋರಿಸುವ ಯಂತ್ರದಲ್ಲಿ ಪ್ರಾಣಿ ಕಾಣಲ್ಲ, ಗೋಡೆ ಮೇಲೆ ಉಗುರಿನ ಗೆರೆ ಇದೆ. ಅದರ ಮೈಯಲ್ಲಿ ಎಲ್ಲಿದೆ ಅಂತ ತಿಳಿಸುವ ಸಾಧನ ಇದೆ. ಅದನ್ನು ನೋಡೋದಕ್ಕೆ ಮೊದಲೇ ಮೂರು ಜನ ಒಳಗೆ ಇಳೀತಾರೆ. ಕಂಟ್ರೋಲ್ ರೂಮಿಗೆ ಒಂದು ಫೋನು ಮಾಡಿದ್ದರೆ ಮುಗೀತಿತ್ತು. ಆ ಫೋನು ಹೋಗುತ್ತೆ, ಅವರು ಒಳಗಿಳಿದ ಮೇಲೆ! ಆಮೇಲೆ ತಪ್ಪಿಸಿಕೊಳ್ಳಲಿಕ್ಕೆ ದೊಡ್ಡ ಬಾಗಿಲನ್ನೇ ತೆಗೀತಾರೆ. ದಣಪೆ ತೆಗೆದು ದನ ದಾಟಿಸುವ ಮಕ್ಕಳೂ ಮೊದಲು ತಿರುಗಿ ನೋಡ್ತಾರೆ. ಹುಲಿ, ಸಿಂಹ ಇಡುವ ಕಡೆ ಒಂದು ಬಾಗಿಲು ಹಾಕಿದ ಮೇಲೇ ಇನ್ನೊಂದು ತೆಗೆಯೋದು.

ಕೊಪ್ಪ ಕಾನು:
ಹೆದರಿದ ಮನುಷ್ಯ ತಪ್ಪು ಮಾಡ್ತಾನಲ್ಲ ಮಾರಾಯ್ರೆ. 1993ರದ್ದರಲ್ಲಿ ವಕೀಲ ಮಕ್ಕಳನ್ನು ಕಾರಲ್ಲೇ ಬಿಟ್ಟು ಓಡಿಹೋಗೋದಿಲ್ವಾ?

ಗಾಜನೂರು ಹಿನ್ನೀರು:
ಓಡ್ತಾನೆ. ಅದು ಅವನ ಗುಣ. ಅವನಿಗೆ ಮನುಷ್ಯರಿಗಿಂತ ದುಡ್ಡು ಮುಖ್ಯ ಅಂತ ಮೊದಲಿಂದ ತೋರಿಸಿಕೊಂಡೇ ಬಂದಿರ್ತಾರೆ. 2015ರಲ್ಲಿ ಒಳಗೆ ಇಳಿಯೋರು ಹೆದರಿ ಇಳಿದವರಲ್ಲ, ಶಾಂತವಾಗಿ ಮಾತಾಡ್ತಾ ಇಳಿದವರು. ಪ್ರಾಣಿ ಹೊರಗೆ ಬರಬೇಕಲ್ಲ ಅಂತ ಕತೆ ಬರೆದವರು ಅವರನ್ನು ಕೆಳಗಿಳಿಸಿದ್ದು.

ಭದ್ರಾವತಿ ಲೇತ್:
ಯಂತ್ರದ ಕಡೆಯಿಂದ ನಾನು ಬರೀತೇನೆ. 1993ರ ಟಿ. ರೆಕ್ಸ್ ಅನ್ನು ಸ್ಟಾನ್ ವಿನ್‌ಸ್ಟನ್ ತಂಡ ಸುಮಾರು 40 ಅಡಿ ಉದ್ದಕ್ಕೆ ಕಟ್ಟಿತ್ತು. ಒಳಗೆ ಉಕ್ಕಿನ ಚೌಕಟ್ಟು, ಹೈಡ್ರಾಲಿಕ್, ಮೇಲೆ ಫೋಮ್ ರಬ್ಬರಿನ ಚರ್ಮ. ಮಳೆಯ ದೃಶ್ಯ ತೆಗೆದದ್ದು ಸ್ಟುಡಿಯೋ ಒಳಗೆ, ಮೇಲಿಂದ ನೀರು ಸುರಿಸಿ. ಫೋಮು ಸ್ಪಂಜಿನ ಹಾಗೆ ನೀರು ಕುಡೀತು. ಯಂತ್ರದ ಲೆಕ್ಕ ಹಾಕಿದ್ದು ಒಣ ಚರ್ಮದ ತೂಕಕ್ಕೆ. ತೂಕ ಏರಿದ ಕೂಡಲೇ ತಲೆ ಎತ್ತಿ ನಿಲ್ಲಿಸಿದಾಗ ಅದು ನಿಲ್ಲದೆ ಗಡಗಡ ನಡುಗಲಿಕ್ಕೆ ಶುರುವಾಯ್ತು. ಟೇಕ್ ಮುಗಿದ ಮೇಲೆ ಟವೆಲ್ ಹಿಡಿದು ಒರೆಸಿ, ಒಣಗಿಸಿ, ಮತ್ತೆ ನೀರು ಬಿಡೋದು. ಆರ್ದ್ರಾ ಮಳೆಯಲ್ಲಿ ಹೊರಗಿಟ್ಟ ಹಾಸಿಗೆ ಎತ್ತಿದವರಿಗೆ ಈ ತೂಕ ಏನು ಅಂತ ಹೇಳಬೇಕಿಲ್ಲ.

ಇಷ್ಟು ಒದ್ದಾಟದಿಂದ ಸಿಕ್ಕಿದ್ದೇನು? ನಟರ ಎದುರು ನಿಜವಾಗಿ ಟನ್‌ಗಟ್ಟಲೆ ತೂಕದ್ದೊಂದು ವಸ್ತು ಇತ್ತು. ಕಾರಿನ ಗಾಜು ಒತ್ತಿದಾಗ ಒತ್ತಿದ್ದು ಅದೇ. ಕಂಪ್ಯೂಟರ್ ಬಳಸಿದ್ದು ಅದು ನಡೆಯುವ, ಓಡುವ ಶಾಟ್‌ಗಳಿಗೆ. ಕಣ್ಣಿಗೆ ಒಂದು ಸಲ ನಿಜವಾದದ್ದು ಸಿಕ್ಕಿರೋದರಿಂದ ಮುಂದಿನ ಶಾಟನ್ನೂ ಅದೇ ತೂಕದಲ್ಲಿ ನಂಬುತ್ತೆ. ಲೋಟದ ನೀರಿನಲ್ಲಿ ಬಳೆಬಳೆಯಾಗಿ ಅಲೆ ಏಳುತ್ತಲ್ಲ, ಅದಕ್ಕೆ ಡ್ಯಾಶ್‌ಬೋರ್ಡಿನ ಕೆಳಗೆ ಗಿಟಾರ್ ತಂತಿ ಕಟ್ಟಿ, ಕಾರಿನ ಅಡಿಯಿಂದ ಒಬ್ಬರು ಮೀಟಿದ್ದು. ಅಷ್ಟೇ ಖರ್ಚು.

2015ರ ಸಿನಿಮಾದಲ್ಲಿ ಯಂತ್ರದ ಪ್ರಾಣಿ ಒಂದೇ ಒಂದು, ಸಾಯುತ್ತಾ ಬಿದ್ದಿರುವ ಅಪಟೋಸಾರಸ್. ಇಡೀ ಸಿನಿಮಾದಲ್ಲಿ ಜನರ ಮನಸ್ಸಿಗೆ ತಾಗಿದ ದೃಶ್ಯ ಯಾವುದು ಕೇಳಿ, ಬಹಳ ಜನ ಅದನ್ನೇ ಹೇಳ್ತಾರೆ. ಮುಟ್ಟುವ ಕೈ ನಿಜವಾಗಿ ಏನನ್ನೋ ಮುಟ್ಟಿದೆ.

ಇನ್ನೊಂದು ಲೆಕ್ಕ. ಮೈ ದೊಡ್ಡದಾದ ಹಾಗೆ ಹೆಜ್ಜೆ ನಿಧಾನ ಆಗಬೇಕು. ವರ್ಗಮೂಲದ ಲೆಕ್ಕ ಅದು, ಗಡಿಯಾರದ ಲೋಲಕದ ಹಾಗೆ. ಕಾಲು 4 ಪಟ್ಟು ಉದ್ದವಾದರೆ ಒಂದು ಹೆಜ್ಜೆಗೆ 2 ಪಟ್ಟು ಹೊತ್ತು, 9 ಪಟ್ಟಾದರೆ 3 ಪಟ್ಟು. ಹಳೇ ಕಾಲದಲ್ಲಿ 1/4 ಅಳತೆಯ ಗೊಂಬೆಯನ್ನು ಸೆಕೆಂಡಿಗೆ 24ರ ಬದಲು 48 ಫ್ರೇಮಿನಲ್ಲಿ ತೆಗೆಯುತ್ತಿದ್ದದ್ದು ಇದಕ್ಕೇ. ಇತ್ತೀಚಿನ ಭಾಗಗಳಲ್ಲಿ 50 ಅಡಿಯ ಪ್ರಾಣಿ ನಾಯಿಯ ಚುರುಕಿನಲ್ಲಿ ಕತ್ತು ತಿರುಗಿಸುತ್ತೆ, ಚಂಗನೆ ಜಿಗಿಯುತ್ತೆ. ಚರ್ಮದ ಒಂದೊಂದು ಸುಕ್ಕೂ ಕಂಡರೂ ಪ್ರಾಣಿ ಟೊಳ್ಳು ಅನಿಸೋದು ಅಲ್ಲಿ. ಟಿ. ರೆಕ್ಸ್ ಗಂಟೆಗೆ 32 ಮೈಲಿ, ಅಂದರೆ 51 ಕಿ.ಮೀ. ಓಡುತ್ತೆ ಅಂತ ಮೊದಲ ಸಿನಿಮಾವೂ ಹೇಳಿತ್ತು. ಅಷ್ಟು ಓಡಲಿಕ್ಕೆ ಬೇಕಾದ ಸ್ನಾಯು ಅದರ ಕಾಲಲ್ಲಿ ಇರಲಿಕ್ಕಿಲ್ಲ ಅಂತ 2002ರಲ್ಲಿ ಹಚಿನ್‌ಸನ್ ಮತ್ತು ಗಾರ್ಸಿಯಾ ಲೆಕ್ಕ ಹಾಕಿ ಪ್ರಕಟಿಸಿದರು. ಆದರೆ 1993ರ ಜೀಪಿನ ದೃಶ್ಯದಲ್ಲಿ ಹೆಜ್ಜೆ ಎಣಿಸಿ ನೋಡಿ. ವೇಗ ಜಾಸ್ತಿ ಹೇಳಿದರೂ ಹೆಜ್ಜೆಯ ಭಾರ ಬಿಟ್ಟಿಲ್ಲ.

ಹೊಸನಗರ ಹೊಳೆ:
ಎಲ್ಲಾ ಮುಂದಿನ ಭಾಗಗಳನ್ನೂ ಒಂದೇ ತಕ್ಕಡಿಗೆ ಹಾಕಬೇಡಿ. 1997ರದ್ದರಲ್ಲಿ ಎರಡು ಗಾಡಿ ಪ್ರಪಾತದ ಮೇಲೆ ನೇತಾಡುವ ದೃಶ್ಯ ಮೊದಲನೇದಕ್ಕೆ ಸರಿಸಮ ಅಂತ ನನ್ನ ಅಭಿಪ್ರಾಯ. ಅಲ್ಲಿ ತಯಾರಿ ಪೂರ್ತಿ ಇದೆ. ಕಾಲು ಮುರಿದ ಟಿ. ರೆಕ್ಸ್ ಮರಿಯನ್ನು ಗಾಡಿ ಒಳಗೆ ತಂದಿದ್ದಾರೆ. ಮರಿ ಕೂಗಿದೆ. ತಂದೆತಾಯಿ ಎರಡೂ ಬಂದಿವೆ. ಮರಿಯನ್ನು ವಾಪಸ್ ಕೊಟ್ಟಿದ್ದಾರೆ, ಅವು ಹೊರಟಿವೆ. ಉಸಿರು ಬಿಡ್ತೀವಿ. ಅವು ತಿರುಗಿ ಬಂದು ಗಾಡಿ ತಳ್ತವೆ. ಒಳಗಿದ್ದ ವಿಜ್ಞಾನಿ ಸಾರಾ ಬಿದ್ದದ್ದು ಹಿಂದಿನ ಕಿಟಕಿಯ ಗಾಜಿನ ಮೇಲೆ, ಕೆಳಗೆ ಸಮುದ್ರ, ಅಂಗೈ ಊರಿದ ಕಡೆಯಿಂದ ಬಿರುಕು ನಿಧಾನವಾಗಿ ಹರಡುತ್ತೆ. ಆ ಹೊತ್ತಿಗೆ ಡೈನೋಸಾರ್ ತೆರೆ ಮೇಲೇ ಇಲ್ಲ! ಗಾಜು, ಹಗ್ಗ, ಕೆಸರಲ್ಲಿ ಜಾರುವ ಚಕ್ರ, ಇವಿಷ್ಟೇ. ಉದ್ದ ಹುಲ್ಲಿನ ದೃಶ್ಯವೂ ಹಾಗೇ. ಮೇಲಿಂದ ನೋಡಿದರೆ ಹುಲ್ಲು ಸೀಳಿಕೊಂಡು ಗೆರೆಗಳು ಬರ್ತವೆ, ಪ್ರಾಣಿ ಕಾಣಲ್ಲ.

ಹಾಗಾದರೆ ಆ ಸಿನಿಮಾ ಎಲ್ಲಿ ಕೆಟ್ಟಿತು? ಅಂಗಿಯಲ್ಲಿ. ಮರಿಯ ರಕ್ತ ಸಾರಾಳ ಜಾಕೆಟ್ಟಿಗೆ ಮೆತ್ತಿದೆ. ಈ ತೇವದಲ್ಲಿ ಒಣಗ್ತಿಲ್ಲ ಅಂತ ಅವಳೇ ಹೇಳ್ತಾಳೆ. ವಾಸನೆ ಹಿಡಿದು ಬರುವ ಪ್ರಾಣಿಯನ್ನು ಓದುವುದೇ ಅವಳ ಕೆಲಸ, ಆದರೂ ಜಾಕೆಟ್ ಬಿಚ್ಚಿ ಎಸೆಯಲ್ಲ, ಡೇರೆಯೊಳಗೆ ತೂಗುಹಾಕ್ತಾಳೆ. ರಾತ್ರಿ ಟಿ. ರೆಕ್ಸ್ ಬಂದು ಎಷ್ಟೋ ಜನ ಸಾಯ್ತಾರೆ. ಒಣಗದ ಬಟ್ಟೆ ಏನು ಅಂತ ಮಲೆನಾಡಲ್ಲಿ ಯಾರಿಗೂ ಪಾಠ ಬೇಡ, ಆ ಒಂದು ವಿವರ ಎಷ್ಟು ಸರಿಯಾಗಿದೆ! ಅಷ್ಟು ಒಳ್ಳೆ ವಿವರ ಕೈಯಲ್ಲಿಟ್ಟುಕೊಂಡು ತಿಳಿದವಳನ್ನೇ ದಡ್ಡಿ ಮಾಡಿದ್ದು ನನಗೆ ಸಹಿಸಲಿಕ್ಕೆ ಆಗಲ್ಲ.

ಹಡಗಿನದ್ದಂತೂ ಲೆಕ್ಕಕ್ಕೇ ಸಿಗಲ್ಲ. ಟಿ. ರೆಕ್ಸ್ ಹೊತ್ತು ತಂದ ಹಡಗು ಸ್ಯಾನ್ ಡಿಯಾಗೋ ಬಂದರಿಗೆ ನುಗ್ಗಿದಾಗ ಒಳಗಿದ್ದವರೆಲ್ಲ ಸತ್ತಿದ್ದಾರೆ, ಚುಕ್ಕಾಣಿ ಹಿಡಿದ ಕೈ ಮಾತ್ರ ಉಳಿದಿದೆ. ಟಿ. ರೆಕ್ಸ್ ಇರುವುದು ಕೆಳಗೆ ಸರಕಿನ ಕೋಣೆಯಲ್ಲಿ. ಚುಕ್ಕಾಣಿಯ ಸಣ್ಣ ಕೋಣೆಗೆ ಹೊಕ್ಕು ಕೊಂದದ್ದು ಯಾವುದು? ಸಿನಿಮಾ ಉತ್ತರ ಕೊಡಲ್ಲ.

ಕೊಪ್ಪ ಕಾನು:
ಇಲ್ಲಿಗೆ ನನ್ನ ಭಿನ್ನಾಭಿಪ್ರಾಯ ಹೇಳ್ತೇನೆ. ತಯಾರಿ ಬಿಟ್ಟರು ಅಂತ ಬೈಯೋದು ಸುಲಭ. ಆದರೆ ಎರಡನೇ ಸಲ ಅದೇ ಪ್ರಾಣಿಗೆ ಒಂದು ಗಂಟೆ ಕಾಯಿಸಲಿಕ್ಕೆ ಆಗುತ್ತಾ? ನೋಡುವವರಿಗೆ ಅದರ ಮುಖ, ಕೂಗು ಎರಡೂ ಗೊತ್ತು. ಪೋಸ್ಟರಿನಲ್ಲೇ ಇದೆ. 2015ರ ಸಿನಿಮಾದಲ್ಲಿ ಉದ್ಯಾನದ ಉಸ್ತುವಾರಿ ಕ್ಲೇರ್ ಇದನ್ನೇ ಹೇಳೋದು, ಬರೀ ಡೈನೋಸಾರ್ ನೋಡಿ ಈಗ ಯಾರೂ ಬೆರಗಾಗಲ್ಲ ಅಂತ. ಅವರು ಕಂಡುಕೊಂಡ ದಾರಿ ಹೊಸ ಪ್ರಾಣಿ ಕಟ್ಟೋದು. ದಾರಿ ತಪ್ಪಲ್ಲ, ನಡೆದದ್ದು ತಪ್ಪು.

ಇಂಡೊಮಿನಸ್‌ಗೆ ಎರಡು ವಿದ್ಯೆ ಕೊಟ್ಟರು. ಮರಗಪ್ಪೆಯಿಂದ ಮೈಯ ಉಷ್ಣ ಅಡಗಿಸೋದು, ಸಮುದ್ರ ಜೀವಿ ಕಟಲ್‌ಫಿಶ್‌ನಿಂದ ಬಣ್ಣ ಬದಲಿಸಿ ಗಿಡದಲ್ಲಿ ಸೇರಿಹೋಗೋದು. ಉಷ್ಣದ್ದನ್ನು ಒಂದು ಸಲ ಬಳಸಿದರು, ಬಣ್ಣದ್ದನ್ನೂ ಒಂದು ಸಲ ಬಳಸಿದರು. ಆಮೇಲೆ ಇಡೀ ಸಿನಿಮಾ ಅದು ಬಿಳಿ ಮೈ ತೋರಿಸಿಕೊಂಡು ಕೂಗ್ತಾ ಓಡಾಡುತ್ತೆ. ಕಣ್ಣೆದುರಿನ ಹಸಿರೇ ಪ್ರಾಣಿ ಆಗಿರಬಹುದು ಅನ್ನುವ ಹೆದರಿಕೆ ಅವರ ಕೈಯಲ್ಲಿತ್ತು. ಕಾನಿನಲ್ಲಿ ತರಗೆಲೆ ಮೇಲೆ ಕುದುರುಬೆಳ್ಳ ಹಾವು ಮಲಗಿರುವ ಹಾಗೆ. ಅದನ್ನು ಬಿಟ್ಟು ಕೊನೆಗೆ ನಾಲ್ಕು ಪ್ರಾಣಿಗಳ ಕುಸ್ತಿ ಇಟ್ಟರು.

ಗಾಜನೂರು ಹಿನ್ನೀರು:
ಕೂಗಿನ ಮಾತಿಗೆ ಒಂದು ಸೇರಿಸ್ತೇನೆ. ಟಿ. ರೆಕ್ಸ್ ಕೂಗು ಮಾಡಿದ್ದು ಧ್ವನಿ ವಿನ್ಯಾಸಕ ಗ್ಯಾರಿ ರೈಡ್‌ಸ್ಟ್ರಾಮ್. ಮರಿಯಾನೆಯ ಕೂಗು, ಹುಲಿ, ಮೊಸಳೆ ಜಾತಿಯ ಅಲಿಗೇಟರ್, ಇವನ್ನೆಲ್ಲ ಬೆರೆಸಿದ್ದು. ಸಕ್ರೆಬೈಲಿನಲ್ಲಿ ಮರಿಯಾನೆ ಕೀಚಿದ್ದು ಕೇಳಿದವರಿಗೆ ಮೇಲಿನ ಆ ಎಳೆ ಕೂಡಲೇ ಗುರುತು ಹತ್ತುತ್ತೆ. ಆದರೆ 1993ರದ್ದರಲ್ಲಿ ಆ ಕೂಗು ಎಷ್ಟು ಅಪರೂಪ ಅಂತ ಗಮನಿಸಿ. ಬೇಟೆಗೆ ಹೊರಟದ್ದು ಕೂಗಲ್ಲ, ಕೂಗಿದರೆ ಊಟ ಓಡಿಹೋಗುತ್ತೆ. ಆನೆಯಷ್ಟು ದೊಡ್ಡದೂ ಅಂಗಾಲಿನ ಮೆತ್ತೆಯಿಂದಾಗಿ ಹತ್ತು ಮಾರು ದೂರದಲ್ಲಿ ನಿಂತಿದ್ದರೂ ಸದ್ದಿರಲ್ಲ. ಮುಂದಿನ ಭಾಗಗಳಲ್ಲಿ ಪ್ರಾಣಿ ಬಂದು ನಿಂತು, ಬಾಯಿ ತೆರೆದು, ಕ್ಯಾಮೆರಾಗೆ ಕೂಗಿ, ಆಮೇಲೆ ಓಡಿಸಿಕೊಂಡು ಹೋಗುತ್ತೆ. ಓಡುವವರಿಗೆ ಹತ್ತು ಸೆಕೆಂಡು ಸಿಗಲಿ ಅಂತ!

ಸಂಕಲನ ಮೇಜು:
ಎಲ್ಲರ ಮಾತೂ ಮನೆಯಲ್ಲೇ ಪರೀಕ್ಷೆ ಮಾಡಿ ನೋಡಬಹುದು. 1993ರ ಬೇಲಿಯ ದೃಶ್ಯವನ್ನೂ 2022ರ ಮಾಲ್ಟಾ ಬೀದಿಯ ಬೆನ್ನಟ್ಟುವಿಕೆಯನ್ನೂ ತಗೊಳ್ಳಿ. ಒಂದೊಂದರಿಂದಲೂ 5 ನಿಮಿಷ ಸಾಕು. ಮೊದಲ ಸಲ ಸದ್ದು ಬಂದ್ ಮಾಡಿ ನೋಡುತ್ತಾ ಕಾಗದದ ಮೇಲೆ ನಕ್ಷೆ ಬರೆಯಿರಿ: ಬೇಲಿ ಎಲ್ಲಿ, ಮುಂದಿನ ಕಾರು, ಹಿಂದಿನ ಕಾರು, ಶೌಚದ ಗುಡಿಸಲು, ಪ್ರಾಣಿ. 1993ರದ್ದನ್ನು ಒಂದೇ ಸಲಕ್ಕೆ ಬರೆಯಬಹುದು. ಮಾಲ್ಟಾದ್ದನ್ನು ಬರೆಯಲಿಕ್ಕೆ ಕೂತರೆ ಬೈಕು ಯಾವ ಓಣಿಯಿಂದ ಯಾವ ಓಣಿಗೆ ಬಂತು, ರ‍್ಯಾಪ್ಟರ್ ಎಷ್ಟು ಹಿಂದಿದೆ, ಕೈಗೆ ಸಿಗಲ್ಲ. ದೂರ ಗೊತ್ತಾಗದ ಕಡೆ ಹತ್ತಿರ ಬಂತು ಅನ್ನುವ ಹೆದರಿಕೆ ಹುಟ್ಟಲ್ಲ.

ಎರಡನೇ ಸಲ ಕಣ್ಣು ಮುಚ್ಚಿ ಕೇಳಿ. 1993ರ ಆ ದೃಶ್ಯಕ್ಕೆ ಹಿನ್ನೆಲೆ ಸಂಗೀತ ಇಲ್ಲ. ಮಳೆ, ಮೇಕೆ, ತಂತಿ ಟಣ್ ಟಣ್ ಅಂತ ಹರಿಯೋದು, ತಗಡು ಮುರಿಯೋದು. ಜಾನ್ ವಿಲಿಯಮ್ಸ್ ಅಂಥವರು ಕೈಯಲ್ಲಿದ್ದೂ ಅಲ್ಲಿ ಸುಮ್ಮನಿರಿಸಿದ್ದಾರೆ. ಮೂರನೇ ಸಲ ಕ್ಯಾಮೆರಾ ಎಲ್ಲಿದೆ ಅಂತ ಮಾತ್ರ ನೋಡಿ. ಬಹುಪಾಲು ಕಾರಿನೊಳಗೆ ಅಥವಾ ಮನುಷ್ಯನ ಕಣ್ಣಿನ ಎತ್ತರಕ್ಕೆ. ಹೊಸ ಭಾಗಗಳಲ್ಲಿ ಕ್ಯಾಮೆರಾ ಪ್ರಾಣಿಯ ಪಕ್ಕದಲ್ಲೇ ಹಾರುತ್ತೆ, ಹಾಗಾಗಿ ನಾವು ಎಲ್ಲೂ ಅದರ ಕೆಳಗೆ ನಿಲ್ಲೋದಿಲ್ಲ.

ನ್ಯಾಯವಾಗಿ ಇದನ್ನೂ ಹೇಳಬೇಕು. ನಕ್ಷೆ ಬರೆದರೆ 1993ರದ್ದರಲ್ಲೂ ದೊಡ್ಡ ತಪ್ಪು ಸಿಗುತ್ತೆ. ಟಿ. ರೆಕ್ಸ್ ನಡೆದು ಬಂದ ಬೇಲಿಯ ಕಡೆಯೇ ಸ್ವಲ್ಪ ಹೊತ್ತಿಗೆ ಆಳವಾದ ಗೋಡೆ, ಕೆಳಗೆ ಮರ. ಕಾರು ಅಲ್ಲಿಗೇ ಬೀಳುತ್ತೆ. ಆದರೂ ನೋಡುವಾಗ ಅದು ಚುಚ್ಚಲ್ಲ, ಯಾಕಂದರೆ ನಮ್ಮ ಕಣ್ಣು ಮಕ್ಕಳು ಸಿಕ್ಕಿಹಾಕಿಕೊಂಡ ಕಾರನ್ನು ಬಿಟ್ಟು ಆಚೆ ಹೋಗಿರಲ್ಲ.

ಹೊಸನಗರ ಹೊಳೆ:
ಇದು ಪಕ್ಷಪಾತ ಅಲ್ವಾ ಸರ್? ಹಡಗಿನದ್ದು ತಪ್ಪು, ಗೋಡೆಯದ್ದು ಪರವಾಗಿಲ್ಲ ಅಂದರೆ?

ಸಂಕಲನ ಮೇಜು:
ತಪ್ಪು ತಪ್ಪೇ. ವ್ಯತ್ಯಾಸ ಒಂದಿದೆ. ಗೋಡೆ ಎಲ್ಲಿಂದ ಬಂತು ಅಂತ ಕೇಳೋದು ಮನೆಗೆ ಹೋದ ಮೇಲೆ. ಹಡಗಿನದ್ದನ್ನು ಸಿನಿಮಾ ತಾನೇ ಒಗಟಿನ ಹಾಗೆ ಮುಂದಿಡುತ್ತೆ, ಆ ಕೈಯನ್ನು ಹತ್ತಿರದಿಂದ ತೋರಿಸಿ. ಕೇಳಿಸಿದ ಪ್ರಶ್ನೆಗೆ ಉತ್ತರ ಕೊಡಬೇಕು.

ಸಾಗರ ರಸ್ತೆ:
2001ರದ್ದನ್ನು ಯಾರೂ ಮುಟ್ಟಲಿಲ್ಲ, ಬೇಗ ಹೇಳಿಬಿಡ್ತೇನೆ. ಚಿತ್ರೀಕರಣಕ್ಕೆ ಕೆಲವೇ ವಾರ ಇರುವಾಗ ಕತೆ ಬಿಸಾಡಿ ಹೊಸದು ಬರೆಯಲಿಕ್ಕೆ ಕೂತರು. ಸಿನಿಮಾ ಒಂದೂವರೆ ಗಂಟೆಗೆ ಮುಗಿಯುತ್ತೆ, ಕೊನೆಯಲ್ಲಿ ಸೈನ್ಯ ಬಂದು ದಡದಲ್ಲಿ ನಿಂತಿರುತ್ತೆ. ಆದರೆ ಹಾರುವ ಪ್ರಾಣಿಗಳನ್ನು ಕೂಡಿಟ್ಟ ದೊಡ್ಡ ಪಂಜರದೊಳಗೆ, ಮಂಜಿನಲ್ಲಿರುವ ಸೇತುವೆಯ ದೃಶ್ಯ ಒಳ್ಳೆ ಕೆಲಸ. ಆಗುಂಬೆ ಘಾಟಿಯ ಮಂಜಿನಲ್ಲಿ ಎದುರಿನ ಗಾಡಿಯ ದೀಪ ಕಾಣುವ ಮೊದಲು ಸದ್ದು ಕೇಳುವ ಹಾಗೆ, ಅಲ್ಲಿ ಹೆಜ್ಜೆ ಮೊದಲು ಬರುತ್ತೆ, ಆಕಾರ ಆಮೇಲೆ.

ನನ್ನ ದೊಡ್ಡ ಬೇಸರ 2018 ಮತ್ತು 2022ರ ಜೋಡಿ ಮೇಲೆ. ಫಾಲನ್ ಕಿಂಗ್‌ಡಮ್‌ನಲ್ಲಿ ಇಂಡೊರ‍್ಯಾಪ್ಟರ್ ಅನ್ನು ಆಯುಧ ಅಂತ ಮಾರ್ತಾರೆ: ಬಂದೂಕಿನ ಲೇಸರ್ ಯಾರ ಮೇಲೆ ಬೀಳುತ್ತೋ ಅವರ ಮೇಲೆ ಅದು ಹಾಯುತ್ತೆ. ಬಂದೂಕು ಗುರಿ ಹಿಡಿದವನಿಗೆ ಪ್ರಾಣಿ ಯಾಕೆ ಬೇಕು? ಖಳನ ಇಡೀ ವ್ಯಾಪಾರ ಇದರ ಮೇಲೆ ನಿಂತಿದೆ, ಅಡಿಪಾಯವೇ ಇಲ್ಲ. ಆದರೂ ಆ ಸಿನಿಮಾದ ಕೊನೆಗೆ ಪ್ರಾಣಿಗಳು ಊರಿನ ಕಡೆಗೆ ಬಿಡುಗಡೆ ಆದಾಗ ಎಷ್ಟು ಆಸೆ ಹುಟ್ಟಿತ್ತು! ಕಾಡುಪ್ರಾಣಿ ಗದ್ದೆಗೆ ಬಂದರೆ ಬೆಳೆ ಏನಾಗುತ್ತೆ, ಪರಿಹಾರ ಯಾರು ಕೊಡ್ತಾರೆ, ರಾತ್ರಿ ಕಾವಲು ಹೇಗೆ, ಈ ಕತೆ ಅರ್ಥ ಆಗಲಿಕ್ಕೆ ಮಲೆನಾಡಿನವರಿಗೆ ಸಬ್‌ಟೈಟಲ್ ಬೇಡ. 2022ರಲ್ಲಿ ಆ ಪ್ರಾಣಿಗಳನ್ನು ಮತ್ತೆ ಒಂದು ಕಂಪನಿಯ ಕಣಿವೆಗೆ ಅಟ್ಟಿ, ಕತೆಯನ್ನು ದೈತ್ಯ ಮಿಡತೆಗಳ ಕೈಗೆ ಕೊಟ್ಟರು. 147 ನಿಮಿಷದ ಡೈನೋಸಾರ್ ಸಿನಿಮಾದಲ್ಲಿ ಲೋಕಕ್ಕೆ ಬಂದ ಅಪಾಯ ಮಿಡತೆ.

ಅದರಲ್ಲೂ ಒಂದು ದೃಶ್ಯ ಉಳಿಸಿಕೊಳ್ಳಿ. ಕುರುಡು ಥೆರಿಜಿನೋಸಾರಸ್‌ನಿಂದ ತಪ್ಪಿಸಿಕೊಳ್ಳಲಿಕ್ಕೆ ಕ್ಲೇರ್ ಹೊಂಡದ ನೀರಿನೊಳಗೆ ಮೆಲ್ಲಗೆ ಮುಳುಗೋದು. ಮಾತಿಲ್ಲ, ಓಟ ಇಲ್ಲ.

ತುಂಗಾತೀರ:
ರೀಬರ್ತ್ ಉಳೀತು. ಕತೆ ಬರೆದದ್ದು ಮತ್ತೆ ಡೇವಿಡ್ ಕೆಪ್, ಮೊದಲೆರಡನ್ನು ಬರೆದವರು.

ಕೊಪ್ಪ ಕಾನು:
ಅದರ ತೆಪ್ಪದ ದೃಶ್ಯ ನನ್ನ ಪ್ರಶ್ನೆಗೆ ಅರ್ಧ ಉತ್ತರ. ಮೊದಲ ಸಿನಿಮಾಕ್ಕೆ ಮೂಲವಾದ 1990ರ ಕಾದಂಬರಿಯಲ್ಲೇ ಇದ್ದು 1993ರಲ್ಲಿ ಕೈಬಿಟ್ಟ ಭಾಗ ಅದು. ಟಿ. ರೆಕ್ಸ್ ಹೊಳೆ ದಡದಲ್ಲಿ ಮಲಗಿದೆ. ಮುಖ ಎಲ್ಲರಿಗೂ ಗೊತ್ತು, ಬಚ್ಚಿಡುವ ಪ್ರಮೇಯ ಇಲ್ಲ. ಹಾಗಾಗಿ ಕಾಯಿಸೋದು “ಯಾವಾಗ ಕಾಣುತ್ತೆ” ಅಂತ ಅಲ್ಲ, “ಯಾವಾಗ ಏಳುತ್ತೆ” ಅಂತ. ಗಾಳಿ ತುಂಬುವ ತೆಪ್ಪ ಸದ್ದು ಮಾಡುತ್ತೆ ಅನ್ನುವ ಒಂದೇ ವಸ್ತು ಸಾಕಾಯ್ತು. ತಿಳಿದ ಪ್ರಾಣಿಗೂ ಹೀಗೆ ಕಾಯಿಸಬಹುದು ಅಂತ ಆಯ್ತಲ್ಲ.

ಭದ್ರಾವತಿ ಲೇತ್:
ಆದರೆ ಅದೇ ಸಿನಿಮಾದ ಶುರುವಿನಲ್ಲಿ ಚಾಕಲೇಟ್ ಕಾಗದವೊಂದು ಗಾಳಿಗೆ ಸೇರಿಕೊಂಡು ಇಡೀ ಪ್ರಯೋಗಾಲಯದ ಬಾಗಿಲ ವ್ಯವಸ್ಥೆ ಕೆಡಿಸುತ್ತೆ. ಅಷ್ಟು ಅಪಾಯದ ಕಡೆ ಗಾಳಿ ಎಳೆಯುವ ಬಾಯಿಗೆ ಜಾಲರಿ ಇರಲ್ವಾ? ಕೆಟ್ಟರೆ ಬಾಗಿಲು ಮುಚ್ಚಿಕೊಂಡೇ ಉಳಿಯುವ ಹಾಗೆ ಕಟ್ಟೋದು ಮೊದಲ ಪಾಠ. 1993ರಲ್ಲಿ ಬೇಲಿ ಕೆಟ್ಟದ್ದು ಒಬ್ಬ ಮನುಷ್ಯ ಬೇಕಂತಲೇ ಕೆಡಿಸಿದ್ದಕ್ಕೆ, ಅದೂ ತನ್ನ ಸಂಬಳದ ಸಿಟ್ಟಿಗೆ, ದುಡ್ಡಿನ ಆಸೆಗೆ. ಅದಕ್ಕೆ ಕಾರಣ ಇದೆ, ಕಾಗದಕ್ಕೆ ಇಲ್ಲ.

ಹೊಸನಗರ ಹೊಳೆ:
ಮುಂದಿನ ವಾರ 1993ರದ್ದರ ಅಡುಗೆಮನೆ ದೃಶ್ಯ ಇಟ್ಟುಕೊಳ್ಳೋಣ, ಸಂಕಲನ ಮೇಜಿನವರು ಹೇಳಿದ ಮೂರು ರೀತಿಯಲ್ಲೂ ನೋಡಿ ಬರೆಯೋಣ. ಸೌಟು ಬೀಳುವ ಸದ್ದು, ಹುಡುಗಿ ಲೆಕ್ಸ್ ಎಳೆದರೂ ಇಳಿಯದ ಕಪಾಟಿನ ಬಾಗಿಲು, ಹೊಳೆಯುವ ಸ್ಟೀಲಿನಲ್ಲಿ ಕಂಡ ಅವಳ ನೆರಳಿಗೆ ರ‍್ಯಾಪ್ಟರ್ ಹಾಯ್ದು ಡಿಕ್ಕಿ ಹೊಡೆಯೋದು, ಎಲ್ಲಾ ಅಲ್ಲಿರುವ ಸಾಮಾನಿನಿಂದಲೇ ಕಟ್ಟಿದ್ದು.

ಸಂಕಲನ ಮೇಜು:
ಅದಕ್ಕೂ ಮೊದಲಿನ ಶಾಟ್ ಬಿಡಬೇಡಿ. ಬಾಗಿಲ ದುಂಡು ಗಾಜಿನ ಆಚೆ ರ‍್ಯಾಪ್ಟರ್ ಮೂತಿ ತಂದು ಉಸಿರು ಬಿಡುತ್ತೆ, ಗಾಜಿನ ಮೇಲೆ ಆವಿ ಕೂರುತ್ತೆ, ಆ ಆವಿಯ ಹಿಂದೆ ಅದರ ಕಣ್ಣು.